ಹಳೆಯ ಜಿಲ್ಲೆಯಲ್ಲಿ ಒಂದು ಹಗಲು

ಕೊಳ್ಳೇಗಾಲದ ಕಡೆಯವರಿಗೆ ಕೊಯಮತ್ತೂರು ಹೊಸ ಹೆಸರೇನಲ್ಲ. ಕಣ್ಣಿನ ಆಪರೇಷನ್‌ಗೆಂದು ಅಲ್ಲಿಗೆ ಹೋಗಿಬಂದವರು ಬೀದಿಗೊಬ್ಬರಾದರೂ ಸಿಗುತ್ತಾರೆ. ತೋಟದ ಪಂಪ್‌ಸೆಟ್ಟು ಅಲ್ಲಿಂದ ಬರುತ್ತದೆ, ಅಡುಗೆಮನೆಯ ಗ್ರೈಂಡರು ಅಲ್ಲಿಂದ ಬರುತ್ತದೆ, ಮೈಮೇಲಿನ ಬನಿಯನ್ನು ಪಕ್ಕದ ತಿರುಪ್ಪೂರಿನಿಂದ ಬರುತ್ತದೆ. ಪಳನಿಗೆ ಹರಕೆ ಹೊತ್ತವರು ಅಲ್ಲಿ ಬಸ್ಸು ಬದಲಿಸುತ್ತಾರೆ. ಆದರೆ ಆ ಊರನ್ನು ನೋಡಲೆಂದೇ ಹೋದವರು ನನಗೆ ಗೊತ್ತಿದ್ದವರಲ್ಲಿ ಯಾರೂ ಇರಲಿಲ್ಲ. ನೋಡುವ ಊರೆಂದರೆ ಅರಮನೆ ಇರಬೇಕು, ಕೋಟೆ ಇರಬೇಕು, ಮೈಸೂರು, ತಂಜಾವೂರು, ಮಧುರೆಯ ಹಾಗಿರಬೇಕು ಎಂಬ ಎಣಿಕೆ ನಮ್ಮೆಲ್ಲರದು. ದೀಪಾವಳಿ ಕಳೆದ ಮೇಲೆ ನಾನೂ ನಮ್ಮವರೂ ಅಲ್ಲಿಗೆ ಹೋದದ್ದು ನೋಡುವುದಕ್ಕೇ.

ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಂಗುನಾಡು ಕಂಪನಿಯ ಕೈಗೆ ಹೋಯಿತು. ಕೊಳ್ಳೇಗಾಲವೂ ಅದರ ಜೊತೆಗೇ ಹೋಯಿತು. 1956ರ ನವೆಂಬರ್ 1ರವರೆಗೂ ನಮ್ಮದು ಮದರಾಸು ಸೀಮೆಯ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಕಲೆಕ್ಟರು ಕೂರುತ್ತಿದ್ದದ್ದು ಅಲ್ಲಿ, ಜಿಲ್ಲಾ ಕೋರ್ಟು ಇದ್ದದ್ದು ಅಲ್ಲಿ. 1929ರಲ್ಲಿ ರಾಜ್‌ಕುಮಾರ್ ಹುಟ್ಟಿದಾಗ ಅವರ ಊರೂ ಆ ಜಿಲ್ಲೆಗೇ ಸೇರಿತ್ತು. ಮಾವನವರ ಟ್ರಂಕಿನಲ್ಲಿರುವ ಹಳೆಯ ಛಾಪಾ ಕಾಗದಗಳ ಮೇಲೆಲ್ಲ ಕೊಯಮತ್ತೂರು ಜಿಲ್ಲೆ ಎಂದೇ ಇದೆ. ಮಾವನವರ ತಂದೆ ಜಮೀನಿನ ವ್ಯಾಜ್ಯಕ್ಕೆಂದು ಬುತ್ತಿ ಕಟ್ಟಿಕೊಂಡು ದಿಂಬಂ ಘಾಟಿ ಇಳಿದು, ಬಣ್ಣಾರಿಯಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮೇಲೆ ಅಲ್ಲಿಗೆ ಹೋಗಿಬರುತ್ತಿದ್ದರಂತೆ. ಮೂರು ತಲೆಮಾರು ಕೋರ್ಟು ಕಚೇರಿಗೆಂದು ಅಲೆದ ಊರನ್ನು ನಾವು ಯಾವ ಕೆಲಸವೂ ಇಲ್ಲದೆ, ನೆಮ್ಮದಿಯಾಗಿ ನೋಡಬೇಕು ಎಂಬ ಆಸೆ ನಮ್ಮವರಲ್ಲಿ ಬಹಳ ದಿನದಿಂದ ಇತ್ತು.

ನಮ್ಮವರು ಮಗ್ಗದ ಮನೆಯಲ್ಲಿ ಹುಟ್ಟಿದವರು. ಲಾಳಿಯ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವರು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು. ಹಳೆಯದೇನಾದರೂ ಕಂಡರೆ ನನ್ನ ಬಾಯಿಗೆ ಮೊದಲು ಬರುವುದು ಇಸವಿ. ಅವರು ಮೊದಲು ಕೇಳುವುದು, ಇದನ್ನು ಮಾಡಿದವರು ಹೇಗೆ ಮಾಡಿದರು ಎಂದು. ಕೊಯಮತ್ತೂರಿನಂಥ ಊರಿಗೆ ಈ ಎರಡನೆಯ ಕಣ್ಣು ಬೇಕೇಬೇಕು ಎಂಬುದು ಸಂಜೆಯ ಹೊತ್ತಿಗೆ ನನಗೆ ಮನವರಿಕೆಯಾಯಿತು.

ದಿಂಬಂನ ಇಪ್ಪತ್ತೇಳು ತಿರುವುಗಳ ದಾರಿಯಲ್ಲಿ ಕಾಡುಪ್ರಾಣಿಗಳ ಸಲುವಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹಾಗಾಗಿ ಹಿಂದಿನ ದಿನವೇ ಹೋಗಿ ಗಾಂಧಿಪುರಂ ಬಸ್‌ಸ್ಟ್ಯಾಂಡಿನ ಹತ್ತಿರ ಉಳಿದುಕೊಂಡಿದ್ದೆವು. ಬೆಳಕು ಹರಿಯುವ ಮೊದಲೇ ಪೇರೂರಿನ ಟೌನ್ ಬಸ್ಸು ಹತ್ತಿದೆವು. 2021ರಿಂದ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ. ಬಸ್ಸಿನ ತುಂಬ ಹೂವಿನ ಬುಟ್ಟಿಯವರು, ಮನೆಗೆಲಸಕ್ಕೆ ಹೋಗುವವರು, ಆಸ್ಪತ್ರೆಯ ಆಯಾಗಳು. ಅಷ್ಟು ಹೊತ್ತಿಗೇ ಮಿಂದು, ಮುಡಿಗೆ ಮಲ್ಲಿಗೆ ಇಟ್ಟು ದುಡಿಮೆಗೆ ಹೊರಟ ಆ ಹೆಂಗಸರ ನಡುವೆ ಕೂತು ಹೋದದ್ದೇ ಊರಿನ ಮೊದಲ ಪರಿಚಯವಾಯಿತು.

ಪೇರೂರಿನ ಪಟ್ಟೀಶ್ವರ ನೊಯ್ಯಲ್ ಹೊಳೆಯ ದಡದಲ್ಲಿದ್ದಾನೆ. ಕರಿಕಾಲ ಚೋಳನಷ್ಟು ಹಿಂದಕ್ಕೆ ಇದರ ಕಥೆಯನ್ನು ಒಯ್ಯುತ್ತಾರೆ. ಕಣ್ಣು ಹಿಡಿದು ನಿಲ್ಲಿಸುವ ಕನಕಸಭೆಯನ್ನು ಹದಿನೇಳನೇ ಶತಮಾನದಲ್ಲಿ ಮಧುರೆಯ ತಿರುಮಲ ನಾಯಕನ ತಮ್ಮ ಅಳಗಾದ್ರಿ ನಾಯಕ ಕಟ್ಟಿಸಿದ. ಅದರ ದೊಡ್ಡ ಕಂಬಗಳಲ್ಲಿ ಆಳೆತ್ತರ ಮೀರಿದ ಒಂದೊಂದು ಮೂರ್ತಿ: ಅಘೋರ ವೀರಭದ್ರ, ಊರ್ಧ್ವತಾಂಡವದ ಶಿವ, ಅವನೊಂದಿಗೆ ಪಂತ ಕಟ್ಟಿ ಕುಣಿದ ಕಾಳಿ. ನಮ್ಮವರು ಗಜಸಂಹಾರದ ಕಂಬದ ಮುಂದೆ ನಿಂತವರು ಅಲುಗಲಿಲ್ಲ. ಸುಲಿದ ಆನೆಯ ಚರ್ಮವನ್ನು ಶಿವ ಬೆನ್ನ ಹಿಂದೆ ಎತ್ತಿ ಹರಡಿ ಹಿಡಿದಿದ್ದಾನೆ. ಎಳೆದು ಹಿಡಿದ ಬಿಗಿಯೆಲ್ಲ ಕಲ್ಲಿನಲ್ಲೇ ಕಾಣುತ್ತದೆ. ಅವರು ಮೂರ್ತಿಯ ಪಾದದ ಹತ್ತಿರ ಬಗ್ಗಿ ಉಗುರುಗಳನ್ನು ನೋಡಿದರು. ಬೆರಳಿನ ಮಾಂಸ ಎಲ್ಲಿ ಮುಗಿಯಿತು, ಉಗುರು ಎಲ್ಲಿ ಶುರುವಾಯಿತು ಎಂಬ ಸಣ್ಣ ಗೆರೆಯನ್ನೂ ಉಳಿ ಬಿಟ್ಟಿರಲಿಲ್ಲ. ಆಮೇಲೆ ತಲೆಯೆತ್ತಿ ಮಾಡಿನಿಂದ ಇಳಿಬಿದ್ದ ಕಲ್ಲಿನ ಸರಪಳಿ ತೋರಿಸಿದರು.

"ನೋಡು, ಒಂದು ಕೊಂಡಿ ಇನ್ನೊಂದರೊಳಗೆ ಹೋಗಿದೆ. ಬೆಸೆದದ್ದಲ್ಲ ಕಣೆ, ಇದ್ದ ಕಲ್ಲಿನಿಂದಲೇ ಬಿಡಿಸಿದ್ದು. ಕೊನೆಯ ಕೊಂಡಿಯಲ್ಲಿ ಕೈ ತಪ್ಪಿದರೆ ಮೊದಲಿನದೂ ಹೋಯಿತು," ಎಂದರು. ಎಳೆ ತುಂಡಾದರೆ ಗಂಟು ಹಾಕಿ ಮುಂದುವರಿಯುವ ನೇಕಾರನಿಗೆ, ಗಂಟು ಹಾಕಲು ಬಾರದ ಕಲ್ಲಿನ ಮುಂದೆ ಎಷ್ಟು ಗೌರವ ಹುಟ್ಟಿತೋ ನಾನು ಅವರ ಮುಖದಲ್ಲಿ ಕಂಡೆ.

ಗುಡಿಯ ಹತ್ತಿರ ಎರಡು ಮರಗಳ ಕಥೆ ಹೇಳುತ್ತಾರೆ. ಒಂದು ಸಾವಿಲ್ಲದ ತಾಳೆ; ಇನ್ನೊಂದು ಮರುಹುಟ್ಟಿಲ್ಲದ ಹುಣಸೆ, ಅದರ ಬೀಜ ಮೊಳೆಯುವುದಿಲ್ಲವಂತೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ನಾಟಿಯ ಕಥೆ. ಶಿವಭಕ್ತ ಕವಿ ಸುಂದರಮೂರ್ತಿ ನಾಯನಾರ್ ಹೊನ್ನು ಬೇಡಲು ಪೇರೂರಿಗೆ ಬಂದಾಗ ಕೊಡಲು ಕೈಯಲ್ಲಿ ಏನೂ ಇರಲಿಲ್ಲವಂತೆ ಶಿವನಿಗೆ. ಪಾರ್ವತಿಯನ್ನು ಕರೆದುಕೊಂಡು ಗದ್ದೆಗೆ ಹೋದ, ಇಬ್ಬರೂ ಕೂಲಿಯವರ ವೇಷದಲ್ಲಿ ಪೈರು ನೆಡತೊಡಗಿದರು. ಇರುವ ತಾಣ ಹೇಳಬೇಡ ಎಂದಿದ್ದರೂ ನಂದಿ ಗದ್ದೆಯ ಕಡೆಗೆ ಮುಖ ಮಾಡಿ ತೋರಿಸಿಬಿಟ್ಟ. ಸಿಟ್ಟಿನಿಂದ ಶಿವ ಬೀಸಿದ ಸಲಿಕೆ ನಂದಿಯ ಗಲ್ಲಕ್ಕೆ ತಾಗಿತು ಎನ್ನುತ್ತದೆ ಸ್ಥಳಪುರಾಣ. ಇವತ್ತಿಗೂ ಆನಿ ಮಾಸದಲ್ಲಿ, ಅಂದರೆ ಜೂನ್ ಜುಲೈ ಹೊತ್ತಿಗೆ, ಇಲ್ಲಿ ನಾಟಿಯ ಹಬ್ಬ ನಡೆಯುತ್ತದೆ. ಗಂಡ ಹೆಂಡತಿ ಸರಿಸಮನಾಗಿ ಕೆಸರಿಗೆ ಇಳಿದು ದುಡಿದದ್ದನ್ನು ಹಬ್ಬವಾಗಿ ಕೊಂಡಾಡುವ ಊರು ಎಷ್ಟಿವೆ? ಈ ಸೀಮೆಯ ಗುಣ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳುತ್ತೇನೆ.

ಬಿಸಿ ಇಡ್ಲಿಯೂ ಸಂದಗೈಯೂ ತಿಂದು (ಸಂದಗೈ ನಮ್ಮ ಒತ್ತು ಶಾವಿಗೆಯೇ) ಲಾಲಿ ರೋಡಿನ ಕಡೆಗೆ ತಿರುಗಿದೆವು. 1906ರಲ್ಲಿ ಮದರಾಸಿನ ಸೈದಾಪೇಟೆಯಿಂದ ಇಲ್ಲಿಗೆ ಬಂದ ಕೃಷಿ ಕಾಲೇಜು ಇಂದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ, ಸುತ್ತ ದೊಡ್ಡ ಮರಗಳು, ಹುಡುಗ ಹುಡುಗಿಯರು ಸೈಕಲ್ ಮೇಲೆ ಗದ್ದೆಗೆ ಹೋಗುವ ನೋಟ. 2018ರಲ್ಲಿ ಅಲ್ಲಿ ಕೀಟಗಳ ಮ್ಯೂಸಿಯಂ ತೆರೆದಿದ್ದಾರೆ. ರೇಷ್ಮೆ ಹುಳುವಿನ ನಾಡಿನಿಂದ ಹೋದ ನಾವು ಪತಂಗಗಳ ಸಾಲಿನ ಮುಂದೆ ಬೇಕಾದಷ್ಟು ಹೊತ್ತು ನಿಂತೆವು.

ಆ ನೆರೆಯಲ್ಲೇ ಕಬ್ಬಿನ ತಳಿ ಸಂಶೋಧನೆಯ ಕೇಂದ್ರವಿದೆ. ಪ್ರವಾಸಿಗರ ಪಟ್ಟಿಯಲ್ಲಿ ಅದು ಸೇರುವುದಿಲ್ಲ. ನನಗೆ ಮಾತ್ರ ಅದು ಯಾವ ಕೋಟೆಗೂ ಕಡಿಮೆಯಲ್ಲ. 1912ರಲ್ಲಿ ಅದು ಶುರುವಾದದ್ದು ಈ ಊರಿನಲ್ಲೇ ಏಕೆ ಎಂದರೆ, ಕೊಯಮತ್ತೂರಿನ ಹವೆಯಲ್ಲಿ ಕಬ್ಬು ಚೆನ್ನಾಗಿ ಹೂ ಬಿಟ್ಟು ಕಾಳು ಕಟ್ಟುತ್ತದೆ. ಹೂವಿಲ್ಲದೆ ತಳಿ ಬೆರೆಸುವುದು ಸಾಧ್ಯವಿಲ್ಲ. ಬಾರ್ಬರ್ ಎಂಬ ಸಸ್ಯವಿಜ್ಞಾನಿಯೂ ಟಿ. ಎಸ್. ವೆಂಕಟರಾಮನ್ ಅವರೂ ತೋಟದ ರಸಗಬ್ಬನ್ನು ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಕಬ್ಬಿನ ಹುಲ್ಲಿನ ಜೊತೆ ಸೇರಿಸಿದರು. ಸಿಹಿ ಒಂದರಿಂದ ಬಂತು, ಚಳಿಯನ್ನೂ ರೋಗವನ್ನೂ ತಡೆಯುವ ಗಟ್ಟಿತನ ಇನ್ನೊಂದರಿಂದ ಬಂತು. ಹಾಗೆ ಹುಟ್ಟಿದ ಕೋ 205 ತಳಿ 1918ರಲ್ಲಿ ಪಂಜಾಬಿನ ರೈತರ ಕೈ ಸೇರಿತು. ತಲಶ್ಶೇರಿಯ ಜಾನಕಿ ಅಮ್ಮಾಳ್ 1930ರ ದಶಕದಲ್ಲಿ, ಹೆಣ್ಣುಮಕ್ಕಳು ಪ್ರಯೋಗಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ, ಇಲ್ಲಿ ಕೆಲಸ ಮಾಡಿದರು. ಮಂಡ್ಯದ ಗದ್ದೆಗಳಲ್ಲಿ ನಮ್ಮ ಬಂಧುಗಳು ಬೆಳೆದ ಕೋ 419, ಆಮೇಲಿನ ಕೋ 62175 ಎರಡೂ ಈ ಊರಿನ ಕೂಸುಗಳೇ. ಬೇಲಿಯಾಚೆ ಸೂಲಂಗಿ ಎದ್ದು ಬೆಳ್ಳಗೆ ತೂಗುತ್ತಿತ್ತು. ನಮ್ಮ ಸಂಕ್ರಾಂತಿಯ ಕಬ್ಬಿನ ಜಲ್ಲೆಗೂ ಈ ಬೇಲಿಗೂ ಇರುವ ನಂಟನ್ನು ನೆನೆದು ಇಬ್ಬರೂ ಅಲ್ಲೇ ಸ್ವಲ್ಪ ಹೊತ್ತು ನಿಂತೆವು.

ಮಧ್ಯಾಹ್ನ ತುಪ್ಪ ಬಿಟ್ಟ ಅರಿಸಿ ಪರುಪ್ಪು ಸಾದಂ (ಅಕ್ಕಿ ಬೇಳೆಯ ಅನ್ನ) ಉಂಡು ಹಳೆಯ ಪೇಟೆಗೆ ನಡೆದೆವು. ಟೌನ್ ಹಾಲ್, ಒಪ್ಪನಕ್ಕಾರ ಬೀದಿ, ದೊಡ್ಡ ಬಜಾರು, ಕೋಣಿಯಮ್ಮನ ಗುಡಿ. ಒಂದರ ಮೈಗೆ ಒಂದು ಅಂಟಿಕೊಂಡಿವೆ. ವೆರೈಟಿ ಹಾಲ್ ರಸ್ತೆ ಸಿಕ್ಕಿತು. ರೈಲ್ವೆಯಲ್ಲಿ ನಕ್ಷೆ ಬರೆಯುತ್ತಿದ್ದ ಸಾಮಿಕ್ಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚರವನೊಬ್ಬನಿಂದ ಸಿನಿಮಾ ಯಂತ್ರ ಕೊಂಡು, ಊರೂರು ಟೆಂಟು ಹಾಕಿ ತೋರಿಸಿ, ಕೊನೆಗೆ 1914ರಲ್ಲಿ ಕಟ್ಟಿದ ಥಿಯೇಟರಿನ ಹೆಸರದು. ಕೋಟ್ಟೈಮೇಡಿಗೆ ಹೋದರೆ ಕೋಟೆ ಇಲ್ಲ. 1791ರಲ್ಲಿ ಟಿಪ್ಪುವಿನ ಸೇನೆ ಇದಕ್ಕೆ ಮುತ್ತಿಗೆ ಹಾಕಿ, ಕಂಪನಿಯ ಲೆಫ್ಟಿನೆಂಟ್ ಚಾಲ್ಮರ್ಸ್ ತಿಂಗಳುಗಟ್ಟಲೆ ಕಾದು ನವೆಂಬರಿನಲ್ಲಿ ಒಪ್ಪಿಸಿದ ಕೋಟೆ ಅದು. ಗೋಡೆಗಳು ಅಳಿದವು, ಕೋಟೆ ಈಶ್ವರನೂ ಮಸೀದಿಯೂ ಇದ್ದಲ್ಲೇ ಇವೆ, ಸುತ್ತ ಒತ್ತಾದ ಮನೆಗಳಿವೆ. ಯುದ್ಧದ ಗುರುತು ಹುಡುಕುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಅದಾಗಿ ಒಂಬತ್ತು ವರ್ಷಕ್ಕೆ, 1800ರಲ್ಲಿ, ಮೈಸೂರು ಸೀಮೆಯಿಂದ ಘಟ್ಟ ಇಳಿದು ಬಂದ ಕಂಪನಿಯ ಅಧಿಕಾರಿ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿ ವಿಚಾರಿಸಿ ಬರೆದುಕೊಂಡದ್ದರಲ್ಲಿ ಬೆಳೆ, ಹತ್ತಿ, ನೇಯ್ಗೆಯ ಮಾತೇ ಹೆಚ್ಚು.

ರಾಜ ಬೀದಿಯ ಚೌಡೇಶ್ವರಿಯ ಗುಡಿಗೆ ನಮ್ಮವರು ಮನೆಗೆ ಹೋದಂತೆ ಹೋದರು. ಇದು ದೇವಾಂಗದವರ ದೇವಿ. ಕೊಯಮತ್ತೂರು, ಸಿರುಮುಗೈ ಕಡೆಯ ದೇವಾಂಗದವರಲ್ಲಿ ಬಹಳ ಮಂದಿಯ ಮನೆಮಾತು ಕನ್ನಡ. ವಿಜಯದಶಮಿಯ ದಿನ ಇಲ್ಲಿ ಗಂಡಸರು ಎದೆಗೆ, ತೋಳಿಗೆ ಕತ್ತಿ ಹಾಕಿಕೊಳ್ಳುತ್ತ ದೇವಿಯನ್ನು ಕರೆತರುತ್ತಾರೆ. ಗುಡಿಯ ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಮ್ಮ ಮಾತು ಕೇಳಿ ತಿರುಗಿದರು.

"ಯಾವ ಊರು ನಿಂದು?"

"ಕೊಳ್ಳೇಗಾಲ ಅಜ್ಜಿ. ಅಲ್ಲೂ ಮಗ್ಗ ಐತೆ," ಎಂದರು ನಮ್ಮವರು.

"ಬಾ, ಮನೆಗೆ ಬಾ. ನೀರು ಕುಡ್ದು ಹೋಗು."

ಪಕ್ಕದ ಸಂದಿಯಲ್ಲೇ ಮನೆ. ಒಳಗೆ ಒಂದು ಮಗ್ಗ ಮಾತ್ರ ಉಳಿದಿತ್ತು. ರೇಷ್ಮೆ ಹಾಸು, ಹತ್ತಿ ಹೊಕ್ಕು, ಕೋರಾ ಕಾಟನ್ ಸೀರೆ. ಅಜ್ಜಿಯ ಮಗ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದರು. ನಮ್ಮವರು ಕೇಳದೆಯೇ ಬಗ್ಗಿ ಸೀರೆಯ ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ನವಿರಾಗಿ ಉಜ್ಜಿದರು. ಆ ಮಗ ನಕ್ಕರು. ಆಮೇಲಿನ ಮಾತೆಲ್ಲ ಎಳೆಗಳ ಲೆಕ್ಕ, ಜರಿಯ ಬೆಲೆ, ಒಂದು ಸೀರೆಗೆ ಎಷ್ಟು ದಿನ, ಮಕ್ಕಳು ಮಗ್ಗಕ್ಕೆ ಕೂರುತ್ತಾರೋ ಇಲ್ಲವೋ ಎಂಬುದರದೇ. ಮಕ್ಕಳು ಕೂರುವುದಿಲ್ಲ. ಒಬ್ಬ ಐಟಿ ಕಂಪನಿಯಲ್ಲಿದ್ದಾನೆ, ಮಗಳು ನರ್ಸ್. ನಮ್ಮ ಮನೆಯಲ್ಲೂ ಹಾಗೇ ಎಂದೆ ನಾನು. ಅಜ್ಜಿಗೆ ಕನ್ನಡ ಓದಲು ಬಾರದು, ಓದಿದ್ದು ತಮಿಳು. ಆದರೂ ಹಸು ಕರೆಯುವಾಗ, ಮಗುವನ್ನು ಬೈಯುವಾಗ, ದೇವಿಗೆ ಬೇಡಿಕೊಳ್ಳುವಾಗ ಬರುವುದು ಕನ್ನಡವೇ ಎಂದರು. ಯಾವ ಶಾಲೆಯೂ ಕಲಿಸದೆ, ಯಾವ ಸರಕಾರವೂ ಕೇಳದೆ ಇಷ್ಟು ತಲೆಮಾರು ಒಂದು ಮಾತು ಉಳಿದದ್ದು ಮಗ್ಗದ ಮನೆಯ ಒಳಗೆ. ಕನ್ನಡದ ಬಗ್ಗೆ ನಾವು ವೇದಿಕೆಯ ಮೇಲೆ ಎಷ್ಟೋ ಮಾತಾಡುತ್ತೇವೆ; ಅಜ್ಜಿಯಂಥವರ ಹೆಸರು ಅಲ್ಲಿ ಬರಬೇಕು.

ಬಿಸಿಲು ಇಳಿಮುಖವಾಗಿದ್ದರೂ ನಮ್ಮ ಕಾಲು ಸೋತಿರಲಿಲ್ಲ. ಸೆರೆಮನೆಯ ಮುಂದೆ ಹಾದೆವು. ಬ್ರಿಟಿಷರ ಹಡಗಿಗೆ ಎದುರಾಗಿ ಸ್ವದೇಶಿ ಹಡಗು ಓಡಿಸಿದ ವ. ಉ. ಚಿದಂಬರಂ ಪಿಳ್ಳೆಯವರನ್ನು 1908ರಿಂದ 1910ರವರೆಗೆ ಇಲ್ಲಿಟ್ಟು ಎಣ್ಣೆಯ ಗಾಣಕ್ಕೆ ಕಟ್ಟಿದ್ದರು. 1946ರ ಜನವರಿ 8ರಂದು ಚಿನ್ನಿಯಂಪಾಳಯದ ನಾಲ್ವರು ಗಿರಣಿ ಕಾರ್ಮಿಕರನ್ನು ಗಲ್ಲಿಗೇರಿಸಿದ್ದೂ ಇಲ್ಲೇ. ಇಬ್ಬರೂ ಚಪ್ಪಲಿ ಬಿಟ್ಟು ಗೋಡೆಯ ಕಡೆಗೆ ಕೈಮುಗಿದೆವು.

ಅವಿನಾಶಿ ರಸ್ತೆಯುದ್ದಕ್ಕೂ ಗಿರಣಿಗಳ ಕಥೆ. 1888ರಲ್ಲಿ ಸ್ಟೇನ್ಸ್ ಎಂಬವನು ಇಲ್ಲಿ ಮೊದಲ ನೂಲಿನ ಗಿರಣಿ ತೆರೆದ. ಕಪ್ಪು ಮಣ್ಣಿನ ಹತ್ತಿ ಕೈಯಳತೆಯಲ್ಲಿತ್ತು, ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ತಂಪು ಗಾಳಿ ಎಳೆ ತುಂಡಾಗದಂತೆ ಕಾಯುತ್ತಿತ್ತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ಅಗ್ಗದ ಕರೆಂಟು ಬಂದದ್ದೇ ತಡ, ಗಿರಣಿಗಳು ಸಾಲುಗಟ್ಟಿದವು. ಗಿರಣಿಗೆ ಯಂತ್ರ ಬೇಕು, ಬಾವಿಗೆ ಮೋಟರು ಬೇಕು. ಹೀಗೆ ಒಂದು ಕೆಲಸ ಇನ್ನೊಂದನ್ನು ಹುಟ್ಟಿಸಿತು. ಬಸ್ಸು ಓಡಿಸಿ ಬೆಳೆದ ಜಿ. ಡಿ. ನಾಯ್ಡು ಹೆಚ್ಚು ಶಾಲೆ ಕಂಡವರಲ್ಲ. 1937ರಲ್ಲಿ ಅವರೂ ಡಿ. ಬಾಲಸುಂದರಂ ನಾಯ್ಡು ಅವರೂ ಸೇರಿ ಈ ದೇಶದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟರನ್ನು ಹೊರತಂದರು. ನಾಯ್ಡು ಅವರ ಹೆಸರಿನ ಮ್ಯೂಸಿಯಂನಲ್ಲಿ ಯಂತ್ರಗಳ ನಡುವೆ ಓಡಾಡುವಾಗ ನಮ್ಮವರು ಪ್ರತಿಯೊಂದರ ಚಕ್ರ ಯಾವುದಕ್ಕೆ ಹಲ್ಲು ಕೊಟ್ಟಿದೆ ಎಂದು ತಲೆ ಬಗ್ಗಿಸಿ ನೋಡಿದರು. ನನ್ನ ಅಡುಗೆಮನೆಯ ಗ್ರೈಂಡರಿನ ವಂಶವೃಕ್ಷ ನನಗೆ ಅಲ್ಲಿ ಸಿಕ್ಕಿತು.

ಕತ್ತಲಾಗುವಷ್ಟರಲ್ಲಿ ಅವಿನಾಶಿಯಲ್ಲಿದ್ದೆವು. ಮೊಸಳೆ ನುಂಗಿದ ಹುಡುಗನನ್ನು ಸುಂದರಮೂರ್ತಿಗಳು ಹಾಡಿ ಬರಿಸಿದ ಊರು ಇದು. ಬೆಳಿಗ್ಗೆ ಪೇರೂರಿನಲ್ಲಿ ಹೊನ್ನು ಕೇಳಿದವರೇ ಸಂಜೆ ಇಲ್ಲಿ ಒಬ್ಬ ತಾಯಿಗೆ ಮಗನನ್ನು ಕೊಡಿಸಿದ್ದರು. ದೀಪದ ಹೊತ್ತಿನ ಮಂಗಳಾರತಿ ಕಂಡು ತಿರುಪ್ಪೂರಿನ ಬಸ್ಸು ಹಿಡಿದೆವು.

ತಿರುಪ್ಪೂರಿನಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಕುಮರನ್ ಸ್ಮಾರಕವಿದೆ. ಚೆನ್ನಿಮಲೈಯ ನೇಕಾರರ ಮನೆಯಲ್ಲಿ 1904ರಲ್ಲಿ ಹುಟ್ಟಿದ ಹುಡುಗ. 1932ರ ಜನವರಿ 10ರಂದು ಧ್ವಜ ಹಿಡಿದು ಮೆರವಣಿಗೆಯಲ್ಲಿ ನಡೆದ, ಪೊಲೀಸರ ಲಾಠಿ ತಲೆಗೆ ಬಿತ್ತು, ಬಿದ್ದಾಗಲೂ ಧ್ವಜ ಕೈಬಿಡಲಿಲ್ಲ, ಮರುದಿನ ತೀರಿಕೊಂಡ. ವಯಸ್ಸು ಇಪ್ಪತ್ತೇಳು. ಲಾಳಿ ಹಿಡಿದು ಬೆಳೆದ ಕೈ ಅದು, ಹಿಡಿದದ್ದನ್ನು ಬಿಟ್ಟು ಗೊತ್ತಿರಲಿಲ್ಲ ಎಂದರು ನಮ್ಮವರು. ಅವರ ಕಣ್ಣು ತುಂಬಿತ್ತು.

ಸುತ್ತ ರಾತ್ರಿಯಲ್ಲೂ ಬನಿಯನ್ ಕಾರ್ಖಾನೆಗಳ ದೀಪ ಉರಿಯುತ್ತಿತ್ತು. ಬಿಹಾರ, ಒಡಿಶಾದ ಹುಡುಗರು ಪಾಳಿ ಬದಲಿಸುತ್ತಿದ್ದರು. ಪೇರೂರಿನಲ್ಲಿ ಬೆಳಿಗ್ಗೆ ನೋಡಿದ ನೊಯ್ಯಲ್ ಈ ಊರನ್ನೂ ಹಾದುಹೋಗುತ್ತದೆ. ಬಣ್ಣ ಹಾಕುವ ಘಟಕಗಳ ನೀರಿನಿಂದ ಅದು ಎಷ್ಟು ಕೆಟ್ಟಿತೆಂದರೆ, 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಆ ಘಟಕಗಳನ್ನೇ ಮುಚ್ಚಿಸಿತು. ಬಣ್ಣದ ನೀರನ್ನು ಹೊಳೆಗೆ ಬಿಡದೆ ಪೂರಾ ಶುದ್ಧಮಾಡಿ ಮತ್ತೆ ಬಳಸಿದರೆ ಮಾತ್ರ ತೆರೆಯಬಹುದು ಎಂದಾಯಿತು. ಅದಕ್ಕಾಗಿ ದೊಡ್ಡ ಖರ್ಚಿನ ಯಂತ್ರಗಳು ಬಂದವು. ನೊಯ್ಯಲ್ ಮುಂದೆ ಕರೂರಿನ ಕಡೆ ಕಾವೇರಿಯನ್ನು ಸೇರುತ್ತದೆ. ಕೊಳ್ಳೇಗಾಲದ ಮಗ್ಗುಲಲ್ಲಿ ಶಿವನಸಮುದ್ರದ ಬಂಡೆಗಳಿಂದ ಧುಮುಕಿ ಹೋದ ನಮ್ಮ ಕಾವೇರಿಯೇ ಅದು. ಅಗ್ಗಕ್ಕೆ ಸಿಗುವ ಬನಿಯನ್ನಿಗೆ ಹೊಳೆ ಬೆಲೆ ತೆರಬಾರದು. ಕೊಳ್ಳುವ ನಮಗೂ ಅದರಲ್ಲಿ ಪಾಲಿನ ಹೊಣೆಯಿದೆ.

ಜಿಲ್ಲೆಯ ಗೆರೆಗಳು ಬದಲಾಗುತ್ತಲೇ ಬಂದಿವೆ. 1956ರಲ್ಲಿ ಕೊಳ್ಳೇಗಾಲ ಹೊರಬಂತು, 1979ರಲ್ಲಿ ಈರೋಡು ಬೇರೆಯಾಯಿತು, 2009ರಲ್ಲಿ ತಿರುಪ್ಪೂರು ಬೇರೆಯಾಯಿತು. ಕೆಲಸದ ನಂಟು ಮಾತ್ರ ಕಡಿಯಲಿಲ್ಲ. ನಮ್ಮ ಶಾಲೆಗಳು ಮಕ್ಕಳನ್ನು ವರ್ಷ ವರ್ಷ ಅರಮನೆಗೂ ಮೃಗಾಲಯಕ್ಕೂ ಕರೆದೊಯ್ಯುತ್ತವೆ. ನಾನೂ ಕರೆದೊಯ್ದವಳೇ, ಅದು ಒಳ್ಳೆಯದೇ. ಒಂದು ವರ್ಷ ದಿಂಬಂ ಇಳಿದು ಇತ್ತಲೂ ಬರಲಿ. ಪೇರೂರಿನ ಕಲ್ಲು ಸರಪಳಿ, ಕಬ್ಬಿನ ಬೇಲಿ, ರಾಜ ಬೀದಿಯ ಮಗ್ಗ, ನಾಯ್ಡು ಅವರ ಮೋಟರು, ಕುಮರನ್ ಸ್ಮಾರಕ, ಇಷ್ಟನ್ನು ಒಂದೇ ದಿನದಲ್ಲಿ ನೋಡಬಹುದು, ನಾವು ನೋಡಿದ್ದೇವೆ. ರಾಜರು ಯುದ್ಧ ಗೆದ್ದ ಇಸವಿಗಳನ್ನು ಕಲಿತ ಮಕ್ಕಳು, ನೂತವರು, ನೆಟ್ಟವರು, ಕೆತ್ತಿದವರು ನಾಡನ್ನು ಹೇಗೆ ಕಟ್ಟಿದರು ಎಂಬುದನ್ನೂ ಕಣ್ಣಾರೆ ಕಾಣಲಿ. ಮುಂದಿನ ಸಲದ ಬಸ್ಸಿಗೆ ದಾರಿ ತೋರಿಸಲು ನಾವಿಬ್ಬರೂ ಸಿದ್ಧರಿದ್ದೇವೆ.